ಸಮುದ್ರತಳದ ಪಾಯ ಮತ್ತು ಲಂಗರು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ದಾವಣಗೆರೆಯಲ್ಲಿ ಸಿವಿಲ್ ವಿದ್ಯಾರ್ಥಿಗಳಿಗೆ ಮಣ್ಣಿನ ಪಾಠ ಹೇಳುತ್ತೇನೆ. ನನ್ನ ಪಿಎಚ್‌.ಡಿ ಮೆತ್ತನೆಯ ಜೇಡಿಯಲ್ಲಿ ಸಕ್ಷನ್ ಲಂಗರು ಹೇಗೆ ಹಿಡಿದು ನಿಲ್ಲುತ್ತದೆ ಎಂಬುದರ ಮೇಲೆ. ಮದುವೆಮನೆಯ ಪಂಕ್ತಿಯಲ್ಲಿ, ಕ್ಲಾಸು ಬಿಟ್ಟ ಮೇಲೆ ಕಾರಿಡಾರಿನಲ್ಲಿ, ಹಳೆಯ ವಿದ್ಯಾರ್ಥಿಗಳ ಪತ್ರಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಸುಲಭದವು ಮೊದಲು, ಎಂ.ಟೆಕ್ ಮಕ್ಕಳದ್ದು ಕೊನೆಗೆ.

## ಮೊದಲು ಕೇಳುವವು

"ಏನಮ್ಮಾ, ದಾವಣಗೆರೆಗೂ ಸಮುದ್ರಕ್ಕೂ ಎಲ್ಲಿಂದೆಲ್ಲಿಯ ಸಂಬಂಧ?"

ಇದು ನಮ್ಮ ಚಿಕ್ಕಪ್ಪನ ಪ್ರಶ್ನೆ. ಉತ್ತರ ಅವರ ಮನೆಯ ಪಾಯದಲ್ಲೇ ಇದೆ. ನಮ್ಮ ಕಡೆಯ ಎರೆಮಣ್ಣು ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ, ಮಳೆ ಬಿದ್ದರೆ ಉಬ್ಬುತ್ತದೆ. ಉಬ್ಬುವಾಗ ಮನೆಯನ್ನೇ ಮೇಲಕ್ಕೆ ಎತ್ತುತ್ತದೆ. ಗೋಡೆಯ ಮೂಲೆಯಿಂದ ಓರೆಯಾಗಿ ಏರುವ ಬಿರುಕನ್ನು ಇಲ್ಲಿ ನೋಡದವರಿಲ್ಲ. ಇದಕ್ಕೆಂದು ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ರೂಢಿಗೆ ತಂದದ್ದು ಅಂಡರ್‌ರೀಮ್ಡ್ ಪೈಲ್. ಪೈಲ್ ಎಂದರೆ ಪಾಯಕ್ಕೆಂದು ನೆಲದಾಳಕ್ಕೆ ಇಳಿಸುವ ಕಂಬ. ಸುಮಾರು ಮೂರೂವರೆ ಮೀಟರ್ ಕೆಳಗೆ, ಮಣ್ಣಿನ ತೇವ ವರ್ಷವಿಡೀ ಹೆಚ್ಚು ಬದಲಾಗದ ಕಡೆ, ಪೈಲಿನ ಬುಡವನ್ನು ಈರುಳ್ಳಿ ಗಡ್ಡೆಯ ಹಾಗೆ ಅಗಲಿಸುತ್ತಾರೆ. ಗಡ್ಡೆಯ ಅಗಲ ಕಂಬದ ಎರಡೂವರೆ ಪಟ್ಟು. ಮೇಲಿನ ಮಣ್ಣು ಎತ್ತಿದರೂ ಗಡ್ಡೆ ಬಿಡುವುದಿಲ್ಲ.

ಅಂದರೆ ಪಾಯದ ಕೆಲಸ ಭಾರ ಹೊರುವುದಷ್ಟೇ ಅಲ್ಲ, ಕಿತ್ತು ಬರದಂತೆ ಹಿಡಿಯುವುದೂ ಹೌದು. ಸಮುದ್ರದಲ್ಲಿ ಬಹುಪಾಲು ಇದೇ ಎರಡನೆಯ ಕೆಲಸ. ಎರೆಹೊಲದಲ್ಲಿ ಬೆಳೆದ ನನಗೆ ಆ ಮಣ್ಣಿನ ಸ್ವಭಾವ ಹೊಸದು ಅನ್ನಿಸಲೇ ಇಲ್ಲ.

"ಲಂಗರು ಅಂದ್ರೆ ಭಾರದ ಕಬ್ಬಿಣ. ತೂಕಕ್ಕೇ ಹಡಗು ನಿಲ್ಲುತ್ತಲ್ವಾ?"

ಇಲ್ಲ. ಬರೀ ತೂಕದಿಂದ ನಿಲ್ಲುವಂತಿದ್ದರೆ ಹಡಗು ತನ್ನಷ್ಟೇ ದೊಡ್ಡ ಗುಂಡನ್ನು ಹೊತ್ತು ತಿರುಗಬೇಕಾಗುತ್ತಿತ್ತು. ಲಂಗರಿಗೆ ಅಲಗುಗಳಿರುತ್ತವೆ. ಎಳೆದಾಗ ಅವು ನೇಗಿಲಿನ ಕುಳದ ಹಾಗೆ ಮಣ್ಣಿಗೆ ಇಳಿಯುತ್ತವೆ. ತೈಲ ವೇದಿಕೆಗಳಿಗೆ ಬಳಸುವ ಒಳ್ಳೆಯ ಎಳೆ-ಲಂಗರು ತನ್ನ ತೂಕದ 20ರಿಂದ 50 ಪಟ್ಟು ಎಳೆತ ತಡೆಯುತ್ತದೆ. ಆ ಶಕ್ತಿ ಮಣ್ಣಿನದು.

ಒಂದು ಷರತ್ತು: ಎಳೆತ ಅಡ್ಡಕ್ಕೆ ಇರಬೇಕು. ಅದಕ್ಕೇ ನೀರಿನ ಆಳಕ್ಕಿಂತ ಎಷ್ಟೋ ಪಟ್ಟು ಉದ್ದದ ಸರಪಳಿ ಬಿಟ್ಟು, ಅದರ ಒಂದು ಭಾಗ ತಳದ ಮೇಲೆ ಮಲಗುವಂತೆ ನೋಡಿಕೊಳ್ಳುತ್ತಾರೆ. ಮೇಲ್ಮುಖವಾಗಿ ಎಳೆದರೆ ಇಂಥ ಲಂಗರು ಕಿತ್ತು ಬರುತ್ತದೆ. 2005ರಲ್ಲಿ ಕತ್ರಿನಾ ಮತ್ತು ರೀಟಾ ಚಂಡಮಾರುತಗಳು ಮೆಕ್ಸಿಕೊ ಕೊಲ್ಲಿಯ ಹಲವು ತೇಲು ಡ್ರಿಲ್ಲಿಂಗ್ ವೇದಿಕೆಗಳನ್ನು ಲಂಗರಿನಿಂದ ಬಿಡಿಸಿಬಿಟ್ಟವು. ಸಮುದ್ರತಳದಲ್ಲಿ ಪೈಪ್‌ಲೈನುಗಳಿರುವ ಕಡೆ ಹೀಗೆ ಉಜ್ಜಿಕೊಂಡು ಹೋಗುವ ಲಂಗರಿಗಿಂತ ದೊಡ್ಡ ಭಯ ಇನ್ನೊಂದಿಲ್ಲ.

"ಚಿತ್ರದುರ್ಗದ ಗುಡ್ಡದ ಮೇಲೆ ಗಾಳಿ ಫ್ಯಾನಿನ ಬುಡ ನೋಡಿದ್ದೀನಿ, ದೊಡ್ಡ ಕಾಂಕ್ರೀಟ್ ಗುಂಡಿ. ಸಮುದ್ರದಲ್ಲಿ ಆ ಕಾಂಕ್ರೀಟ್ ಹೇಗೆ ಹಾಕ್ತಾರೆ?"

ಜೋಗಿಮಟ್ಟಿ ಕಡೆಯ ಫ್ಯಾನುಗಳು ನಿಂತಿರುವುದು ಅಗಲವಾದ ಕಾಂಕ್ರೀಟ್ ತಟ್ಟೆಯ ತೂಕದ ಮೇಲೆ. ಗಾಳಿ ಕಂಬವನ್ನು ಕೆಡವಲು ನೋಡಿದಾಗ ಆ ತಟ್ಟೆಯ ತೂಕ ತಡೆಯುತ್ತದೆ. ಸಮುದ್ರದಲ್ಲೂ ಶುರುವಾದದ್ದು ಹೀಗೆಯೇ. 1991ರಲ್ಲಿ ಡೆನ್ಮಾರ್ಕಿನ ವಿಂಡೆಬಿಯಲ್ಲಿ ಕರಾವಳಿಗೆ ಹತ್ತಿರದ ಆಳವಿಲ್ಲದ ನೀರಿನಲ್ಲಿ, ದಡದಲ್ಲಿ ಎರಕ ಹೊಯ್ದ ಕಾಂಕ್ರೀಟ್ ಬುಡಗಳನ್ನು ಇಳಿಸಿ 11 ಫ್ಯಾನುಗಳನ್ನು ನಿಲ್ಲಿಸಿದರು. ಅದೇ ಜಗತ್ತಿನ ಮೊದಲ ಕಡಲ ಗಾಳಿ ವಿದ್ಯುತ್ ಕೇಂದ್ರ.

ಈಗ ಹೆಚ್ಚಿನವು ಮೊನೊಪೈಲ್ ಮೇಲೆ ನಿಲ್ಲುತ್ತವೆ. ಅದು 7ರಿಂದ 10 ಮೀಟರ್ ಅಗಲದ ಒಂದೇ ಉಕ್ಕಿನ ಕೊಳವೆ. ನಮ್ಮ ಕಡೆಯ ಒಂದು ಸಣ್ಣ ಮನೆ ಅದರೊಳಗೆ ಕೂರುತ್ತದೆ. ಅದನ್ನು ಹೈಡ್ರಾಲಿಕ್ ಸುತ್ತಿಗೆಯಿಂದ ಹೊಡೆದು ತಳಕ್ಕೆ ಇಳಿಸುತ್ತಾರೆ. ಇನ್ನೂ ಆಳವಾದರೆ ಮೂರು ನಾಲ್ಕು ಕಾಲಿನ ಜಾಲರಿ ಗೋಪುರ, ಅಂದರೆ ಜಾಕೆಟ್. ಸುಮಾರು 60 ಮೀಟರ್ ದಾಟಿದರೆ ತಳದಿಂದ ಕಟ್ಟಿಕೊಂಡು ಬರುವುದು ದುಬಾರಿ. ಅಲ್ಲಿ ಫ್ಯಾನನ್ನೇ ತೇಲಿಸಿ ಲಂಗರಿಗೆ ಕಟ್ಟುತ್ತಾರೆ.

"ಅಷ್ಟು ಆಳಕ್ಕೆ ಯಾರು ಇಳಿದು ಕೆಲಸ ಮಾಡ್ತಾರಕ್ಕ?"

ಮುಳುಗುಗಾರರೂ ಇದ್ದಾರೆ. ಆಳ ಹೆಚ್ಚಿದಂತೆ ಕೆಲಸವೆಲ್ಲ ಆರ್‌ಒವಿಯದು. ಅದು ಹಡಗಿನಿಂದ ಕೇಬಲ್ ಮೂಲಕ ನಡೆಸುವ ರೋಬೋಟ್. ಕ್ಯಾಮೆರಾ, ದೀಪ, ಎರಡು ಕೈ ಇರುತ್ತವೆ.

## ಸ್ವಲ್ಪ ಒಳಕ್ಕೆ ಇಳಿದವರು ಕೇಳುವವು

"ಸಕ್ಷನ್ ಬಕೆಟ್ ಅಂತೀರಿ. ಬೋರಲು ಬಕೆಟ್ ಏನನ್ನು ಹಿಡಿಯುತ್ತೆ ಮೇಡಂ?"

ಇದನ್ನು ನಾನು ಹೇಳುವುದಕ್ಕಿಂತ ತೋರಿಸುತ್ತೇನೆ. ಸ್ಟೀಲ್ ಲೋಟದ ತಳಕ್ಕೆ ಒಂದು ತೂತು ಮಾಡಿ, ಪ್ಲಾಸ್ಟಿಕ್ ನಳಿಕೆ ಅಂಟಿಸಿ, ಅದರ ತುದಿಗೆ ದೊಡ್ಡ ಸಿರಿಂಜ್ ಸಿಕ್ಕಿಸಬೇಕು. ಬಕೆಟ್ಟಿನಲ್ಲಿ ಕೆಸರಾದ ಎರೆಮಣ್ಣು, ಅದರ ಮೇಲೆ ಒಂದು ಗೇಣು ನೀರು. ಲೋಟವನ್ನು ಬೋರಲು ಹಾಕಿ ನೀರಿನಲ್ಲಿ ಮುಳುಗಿಸಿ, ಒಳಗಿನ ಗಾಳಿಯೆಲ್ಲ ಹೋಗಲಿ. ಅಂಚು ಮಣ್ಣಿಗೆ ಒಂದು ಬೆರಳು ಇಳಿಯುವಷ್ಟು ಒತ್ತಿ ಕೈ ಬಿಡಿ. ಈಗ ಸಿರಿಂಜ್ ಎಳೆಯಿರಿ. ಯಾರೂ ಮುಟ್ಟದಿದ್ದರೂ ಲೋಟ ತಾನಾಗಿ ಕೆಳಗೆ ಹೋಗುತ್ತದೆ. ಪ್ರತಿ ವರ್ಷ ಈ ಹೊತ್ತಿಗೆ ಹಿಂದಿನ ಬೆಂಚಿನವರು ಎದ್ದು ಮುಂದೆ ಬರುತ್ತಾರೆ.

ಸಿರಿಂಜ್ ಎಳೆದದ್ದು ನೀರನ್ನು. ಲೋಟದೊಳಗೆ ಒತ್ತಡ ಕಡಿಮೆಯಾಯಿತು, ಹೊರಗಿನ ಒತ್ತಡ ಮೇಲಿನಿಂದ ತಳ್ಳಿತು. 7 ಸೆಂಟಿಮೀಟರ್ ಅಗಲದ ಲೋಟಕ್ಕೆ ಗಾಳಿಯೊತ್ತಡದ ಹತ್ತರಲ್ಲೊಂದು ಪಾಲು ವ್ಯತ್ಯಾಸ ಸಿಕ್ಕರೂ ಸುಮಾರು 4 ಕಿಲೋ ತೂಕ ಇಟ್ಟ ಹಾಗೆ. ಇದೇ ಲೆಕ್ಕವನ್ನು 5 ಮೀಟರ್ ಅಗಲದ ಉಕ್ಕಿನ ಡಬ್ಬಿಗೆ ಹಾಕಿ. ಒಂದು ಪೂರ್ತಿ ಗಾಳಿಯೊತ್ತಡದ ವ್ಯತ್ಯಾಸಕ್ಕೆ ಸುಮಾರು 200 ಟನ್ ಒತ್ತು ಬೀಳುತ್ತದೆ. ಸುತ್ತಿಗೆ ಬೇಡ, ಒಂದು ಪಂಪ್ ಸಾಕು. ಆಳದ ನೀರಿನಲ್ಲಿ ಇದಕ್ಕಿಂತ ಹೆಚ್ಚಿನ ವ್ಯತ್ಯಾಸವೂ ಸಾಧ್ಯ.

ಇಳಿದ ಮೇಲೆ ಮುಚ್ಚಳದ ವಾಲ್ವ್ ಮುಚ್ಚುತ್ತಾರೆ. ಯಾರಾದರೂ ಜೋರಾಗಿ ಮೇಲಕ್ಕೆಳೆದರೆ ಒಳಗಿನ ಮಣ್ಣಿನ ಗಟ್ಟಿಯೂ ಡಬ್ಬಿಯ ಜೊತೆ ಬರಬೇಕು. ಬರಬೇಕಾದರೆ ಬುಡದಲ್ಲಿ ಖಾಲಿ ಜಾಗಕ್ಕೆ ನೀರು ನುಗ್ಗಬೇಕು. ಜೇಡಿಯಲ್ಲಿ ನೀರು ಅಷ್ಟು ಬೇಗ ಹರಿಯುವುದಿಲ್ಲ, ಆದ್ದರಿಂದ ಬುಡ ಕಚ್ಚಿಕೊಳ್ಳುತ್ತದೆ. ಕೆಸರುಗದ್ದೆಯಲ್ಲಿ ಹೂತ ಕಾಲನ್ನು ಥಟ್ಟನೆ ಎಳೆದಾಗ ಚಪ್ಪಲಿ ಅಲ್ಲೇ ಉಳಿಯುತ್ತದಲ್ಲ, ಅದೇ ಹಿಡಿತ.

ಇದು 1980ರ ದಶಕದ ಆರಂಭದಲ್ಲಿ ಡೆನ್ಮಾರ್ಕಿನ ಗೋರ್ಮ್ ತೈಲಕ್ಷೇತ್ರದಲ್ಲಿ ಬಳಕೆಗೆ ಬಂತು. 1994ರಲ್ಲಿ ನಾರ್ವೆಯವರು ಉತ್ತರ ಸಮುದ್ರದ ಡ್ರಾಪ್ನರ್ ವೇದಿಕೆಯ ಜಾಕೆಟ್ಟನ್ನೇ ಇಂಥ ಬಕೆಟ್‌ಗಳ ಮೇಲೆ ನಿಲ್ಲಿಸಿದರು. 1995ರ ಜನವರಿ 1ರಂದು ಅಲ್ಲಿನ ಉಪಕರಣ 25.6 ಮೀಟರ್ ಎತ್ತರದ ಒಂಟಿ ಅಲೆಯನ್ನು ದಾಖಲಿಸಿತು. ಪಾಯ ಕದಲಲಿಲ್ಲ. 2017ರ ಹೈವಿಂಡ್ ಸ್ಕಾಟ್ಲೆಂಡ್‌ನಲ್ಲಿ ತೇಲುವ ಐದು ಫ್ಯಾನುಗಳನ್ನು ಹಿಡಿದಿರುವುದು 5 ಮೀಟರ್ ಅಗಲ, 16 ಮೀಟರ್ ಎತ್ತರದ 15 ಸಕ್ಷನ್ ಲಂಗರುಗಳು.

"ಸರಪಳಿಯನ್ನು ಲಂಗರಿನ ತಲೆಗೆ ಕಟ್ಟದೆ ಹೊಟ್ಟೆಗೆ ಯಾಕೆ ಕಟ್ಟಿದ್ದಾರೆ?"

ಎತ್ತು ಕಟ್ಟುವ ಗೂಟ ನೋಡಿದವರು ತಕ್ಷಣ ಹಿಡಿಯುತ್ತಾರೆ. ಹಗ್ಗವನ್ನು ಗೂಟದ ತಲೆಗೆ ಕಟ್ಟಿದರೆ ಎತ್ತು ಜಗ್ಗಿದಾಗ ಗೂಟ ವಾಲುತ್ತದೆ, ವಾಲಿದ್ದು ಸಡಿಲಾಗುತ್ತದೆ. ಅದೇ ಹಗ್ಗ ನೆಲದೊಳಗೆ, ಸುಮಾರು ಮೂರರಲ್ಲೆರಡು ಭಾಗ ಆಳದಲ್ಲಿ ಕಟ್ಟಿದ್ದರೆ ಗೂಟ ವಾಲದೆ ನೆಟ್ಟಗೆ ಪಕ್ಕಕ್ಕೆ ಸರಿಯಲು ನೋಡುತ್ತದೆ. ಆಗ ಎದುರಿನ ಮಣ್ಣೆಲ್ಲ ಒಟ್ಟಾಗಿ ತಡೆಯುತ್ತದೆ.

"ಬೋರ್‌ವೆಲ್ ಕೊರೆಸೋ ಮುಂಚೆ ಪಾಯಿಂಟ್ ನೋಡಿಸ್ತೀವಿ. ಸಮುದ್ರದಲ್ಲಿ ಮಣ್ಣು ಹೇಗೆ ನೋಡ್ತಾರೆ?"

ಮೊದಲು ಹಡಗಿನಿಂದ ಶಬ್ದದ ಅಲೆಗಳನ್ನು ಬಿಟ್ಟು ತಳದ ಮತ್ತು ಅದರ ಕೆಳಗಿನ ಪದರಗಳ ನಕ್ಷೆ ತೆಗೆಯುತ್ತಾರೆ. ಆಮೇಲೆ ಕೋನ್ ಚುಚ್ಚುತ್ತಾರೆ. 10 ಚದರ ಸೆಂಟಿಮೀಟರ್ ಮುಖದ ಮೊನೆ, ಸೆಕೆಂಡಿಗೆ 2 ಸೆಂಟಿಮೀಟರ್ ವೇಗ. ಮೊನೆಯ ಒತ್ತು, ಬದಿಯ ಉಜ್ಜು, ಮಣ್ಣಿನೊಳಗಿನ ನೀರಿನ ಒತ್ತಡ ಮೂರನ್ನೂ ಅದು ಅಳೆಯುತ್ತದೆ.

ಆಳಸಮುದ್ರದ ತಳ ಎಷ್ಟು ಮೆತ್ತಗಿರುತ್ತದೆ ಎಂದರೆ, ಮೇಲಿನ ಪದರವನ್ನು ಬೆಣ್ಣೆಯ ಹಾಗೆ ಬೆರಳಿನಿಂದ ತೆಗೆಯಬಹುದು. ಹಲವೆಡೆ ಮಣ್ಣಿನ ಬಲ ಪ್ರತಿ ಮೀಟರಿಗೆ ಒಂದೆರಡು ಕಿಲೋಪಾಸ್ಕಲ್‌ನಷ್ಟೇ ಏರುತ್ತದೆ. ಅಲ್ಲಿ ಕೋನಿನ ಅಳತೆಯನ್ನು ಮೇಲಿನ ನೀರಿನ ಒತ್ತಡವೇ ನುಂಗಿಬಿಡುತ್ತದೆ. ಅದಕ್ಕೆ ಅಡ್ಡಪಟ್ಟಿಯ ಟಿ-ಬಾರ್ ಬಂತು. ಮೆತ್ತನೆಯ ಮಣ್ಣು ಅದರ ಸುತ್ತ ಹರಿದು ಹಿಂದಕ್ಕೆ ಸೇರುವುದರಿಂದ ಬಲವನ್ನು ನೇರವಾಗಿ ಲೆಕ್ಕ ಹಾಕಬಹುದು. ನನಗೆ ತುಂಬ ಪ್ರೀತಿಯ ಉಪಕರಣ ಇದು.

"ಲೆಕ್ಕ ಸರಿಯಿದ್ದೂ ಪೈಲ್ ಕೈಕೊಟ್ಟಿದ್ದು ಉಂಟಾ?"

ಉಂಟು, ಮತ್ತು ಈ ವಿಷಯ ಓದುವವರೆಲ್ಲ ಅದನ್ನು ಮೊದಲು ತಿಳಿಯಬೇಕು. 1980ರ ದಶಕದ ಆರಂಭದಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಕಡಲಲ್ಲಿ ನಾರ್ತ್ ರ‍್ಯಾಂಕಿನ್ ಎ ಎಂಬ ಅನಿಲ ವೇದಿಕೆಗೆ ಪೈಲ್ ಹೊಡೆಯುತ್ತಿದ್ದರು. ಹೊಡೆತ ಬಿದ್ದಷ್ಟೂ ಬಿಗಿಯಾಗಬೇಕಿದ್ದ ಪೈಲ್ ತನ್ನ ತೂಕಕ್ಕೇ ಸುಮಾರು 60 ಮೀಟರ್ ಜಾರಿ ಹೋಯಿತು.

ಕಾರಣ ಮರಳಿನ ಜಾತಿ. ಹೊಳೆಯ ಮರಳು ಕಲ್ಲಿನ ಪುಡಿ, ಗಟ್ಟಿ ಕಾಳು. ಅಲ್ಲಿನದು ಸುಣ್ಣದ ಮರಳು: ಸಣ್ಣ ಕಡಲಜೀವಿಗಳ ಚಿಪ್ಪು, ಒಳಗೆ ಪೊಳ್ಳು, ಕಾಳು ಕಾಳಿಗೆ ತೆಳುವಾದ ಅಂಟು. ಕೈಯಲ್ಲಿ ಹಿಡಿದರೆ ಮರಳೇ. ಪೈಲ್ ಹೊಡೆದಾಗ ಅಂಟು ಬಿಟ್ಟಿತು, ಚಿಪ್ಪು ಮಂಡಕ್ಕಿಯ ಹಾಗೆ ಪುಡಿಯಾಯಿತು, ಪೈಲಿನ ಬದಿಯನ್ನು ಒತ್ತಿ ಹಿಡಿಯುವ ಮಣ್ಣೇ ಕುಗ್ಗಿತು. ಹೊಳೆಮರಳಿನ ಸೂತ್ರ ಅಲ್ಲಿ ಕೆಲಸ ಮಾಡಲಿಲ್ಲ. ಆಮೇಲೆ ಇಂಥ ಕಡೆ ಕೊರೆದು ಸಿಮೆಂಟ್ ಗ್ರೌಟ್ ತುಂಬುವ ಪೈಲ್‌ಗಳು ರೂಢಿಗೆ ಬಂದವು. ಈ ಪೆಟ್ಟಿನಿಂದಲೇ ಪಶ್ಚಿಮ ಆಸ್ಟ್ರೇಲಿಯಾ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಬೆಳೆದು, 1997ರಲ್ಲಿ ಕಡಲ ಪಾಯಗಳಿಗೇ ಮೀಸಲಾದ ಕೇಂದ್ರವಾಯಿತು. ನಮ್ಮ ಪಶ್ಚಿಮ ಕಡಲಲ್ಲೂ ಸುಣ್ಣದ ಮರಳಿದೆ. ಆದ್ದರಿಂದ ಇದನ್ನು ಆಸ್ಟ್ರೇಲಿಯಾದ ಕಥೆ ಎಂದು ಬದಿಗಿಡಬೇಡಿ.

"ಇಂಡಿಯಾದಲ್ಲಿ ಇದರ ಕೆಲಸ ಎಲ್ಲಿದೆ? ಓದಿದ ಮೇಲೆ ಎಲ್ಲಿಗೆ ಹೋಗೋದು?"

1974ರಲ್ಲಿ ತೈಲ ಸಿಕ್ಕ ಬಾಂಬೆ ಹೈ ಇದೆ, ಅಲ್ಲಿ ಪೈಲ್ ಮೇಲೆ ನಿಂತ ಜಾಕೆಟ್ಟುಗಳು. ಕೃಷ್ಣಾ-ಗೋದಾವರಿ ಕಡಲಿನಲ್ಲಿ ಆಳ ನೀರು, ಮೆತ್ತನೆ ಜೇಡಿ. ಗಾಳಿ ವಿದ್ಯುತ್ತಿಗೆ 2015ರಲ್ಲಿ ರಾಷ್ಟ್ರೀಯ ನೀತಿ ಬಂತು. 2024ರ ಜೂನ್‌ನಲ್ಲಿ ಕೇಂದ್ರ ಸಂಪುಟ ಗುಜರಾತ್ ಮತ್ತು ತಮಿಳುನಾಡು ಕಡಲಲ್ಲಿ ತಲಾ 500 ಮೆಗಾವ್ಯಾಟ್‌ಗೆ ಒಟ್ಟು 7,453 ಕೋಟಿ ರೂಪಾಯಿಯ ನೆರವು ಯೋಜನೆ ಒಪ್ಪಿತು. ಓದಲು ಸುರತ್ಕಲ್ಲಿನ ಎನ್‌ಐಟಿಕೆ, ಮದರಾಸು ಮತ್ತು ಖರಗ್‌ಪುರದ ಐಐಟಿಗಳಿವೆ. ಸಾಗರ ತಂತ್ರಜ್ಞಾನಕ್ಕೇ ಚೆನ್ನೈನಲ್ಲಿ ರಾಷ್ಟ್ರೀಯ ಸಂಸ್ಥೆ ಎನ್‌ಐಒಟಿ ಇದೆ.

"ಪೈಲ್ ಬಡಿಯೋ ಸದ್ದಿಗೆ ಮೀನುಗಳ ಗತಿ?"

ಸದ್ದು ನಿಜಕ್ಕೂ ದೊಡ್ಡದು. ತಿಮಿಂಗಿಲ, ಹಂದಿಮೀನುಗಳಿಗೆ ಹೆಚ್ಚು ತೊಂದರೆ. ಪೈಲಿನ ಸುತ್ತ ತಳದಿಂದ ಗಾಳಿಗುಳ್ಳೆಗಳ ಪರದೆ ಎಬ್ಬಿಸಿ ಸದ್ದು ತಗ್ಗಿಸುತ್ತಾರೆ. ಸಕ್ಷನ್ ಬಕೆಟ್ಟಿಗೆ ಬಡಿತವೇ ಇಲ್ಲ. ಆಯುಷ್ಯ ಮುಗಿದ ಮೇಲೆ ಪಂಪನ್ನು ತಿರುಗಿಸಿ ನೀರು ತುಂಬಿದರೆ ಎದ್ದು ಬರುತ್ತದೆ. ನಾನು ಬಕೆಟ್ಟಿನ ಪಕ್ಷ ವಹಿಸಲು ಇದೂ ಒಂದು ಕಾರಣ.

"ಹರಿಹರದಲ್ಲಿ ಹೊಳೆಗೆ ಇಳಿದು ನಿಂತ್ರೆ ಹಿಮ್ಮಡಿ ಕೆಳಗಿನ ಮರಳು ಜಾರುತ್ತೆ. ಕಂಬಕ್ಕೂ ಹಾಗೇನಾ?"

ಹಾಗೇ. ನೀರು ಕಂಬಕ್ಕೆ ಬಡಿದು ಕೆಳಗಿಳಿದು ಸುಳಿಯಾಗಿ ಬುಡದ ಮರಳನ್ನು ಹೊತ್ತೊಯ್ಯುತ್ತದೆ. ಮರಳಿನ ತಳದಲ್ಲಿ ಕೊರೆತದ ಆಳ ಕಂಬದ ಅಗಲದ ಸುಮಾರು 1.3 ಪಟ್ಟು ಎಂದು ವಿನ್ಯಾಸದಲ್ಲಿ ಹಿಡಿಯುತ್ತಾರೆ. 8 ಮೀಟರಿನ ಮೊನೊಪೈಲಿಗೆ ಅದು 10 ಮೀಟರ್ ಗುಂಡಿ. ಆದ್ದರಿಂದ ಸುತ್ತಲೂ ಕಲ್ಲು ಹಾಸುತ್ತಾರೆ.

## ಸಂಶೋಧನೆಗೆ ಇಳಿದವರು ಕೇಳುವವು

"ಲ್ಯಾಬಲ್ಲಿ ಒಂದಡಿ ಮಾಡೆಲ್ ಇಟ್ಟು ಮೂವತ್ತು ಮೀಟರ್ ಆಳದ ಮಾತು ಹೇಗೆ ಹೇಳ್ತೀರಿ?"

ಮಣ್ಣಿನ ಬಲ ಅದರ ಮೇಲಿನ ಮಣ್ಣಿನ ತೂಕದಿಂದ ಬರುತ್ತದೆ. ಒಂದಡಿ ಮಣ್ಣಿನಲ್ಲಿ ಆ ತೂಕ ಇಲ್ಲ. ಹಾಗಾಗಿ ಡಬ್ಬಿ ಸಮೇತ ಮಣ್ಣನ್ನು ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸುತ್ತೇವೆ. ಗುರುತ್ವದ 100 ಪಟ್ಟಿನಲ್ಲಿ 30 ಸೆಂಟಿಮೀಟರ್ ಮಣ್ಣು 30 ಮೀಟರ್ ಮಣ್ಣಿನ ಒತ್ತಡವನ್ನೇ ಅನುಭವಿಸುತ್ತದೆ. ಐಐಟಿ ಬಾಂಬೆಯಲ್ಲಿ 4.5 ಮೀಟರ್ ತ್ರಿಜ್ಯದ ಇಂಥ ಯಂತ್ರವಿದೆ.

ಇನ್ನೂ ದೊಡ್ಡ ಲಾಭ ಕಾಲದ್ದು. ಜೇಡಿಯಿಂದ ನೀರು ಹಿಂಡಿ ಹೋಗಲು ಬೇಕಾದ ಸಮಯ ದೂರದ ವರ್ಗಕ್ಕೆ ತಕ್ಕಂತೆ ಇರುತ್ತದೆ. ನೂರರಲ್ಲೊಂದು ಅಳತೆಯಲ್ಲಿ ಅದು ಹತ್ತು ಸಾವಿರ ಪಟ್ಟು ಬೇಗ. ಯಂತ್ರದಲ್ಲಿ ಒಂದು ದಿನ ಎಂದರೆ ಸಮುದ್ರದಲ್ಲಿ 27 ವರ್ಷ. ಒಂದು ಲಂಗರಿನ ಇಡೀ ಆಯುಷ್ಯವನ್ನು ಸೋಮವಾರ ಶುರುಮಾಡಿ ಮಂಗಳವಾರ ನೋಡಿ ಮುಗಿಸಬಹುದು.

ಇಲ್ಲಿ ಅವಸರ ನಡೆಯುವುದಿಲ್ಲ. ಒಮ್ಮೆ ವಾರಗಟ್ಟಲೆ ಹದ ಮಾಡಿದ ಬಿಳಿ ಕೇಯೊಲಿನ್ ಜೇಡಿಗೆ ಮಾದರಿ ಇಳಿಸುವಾಗ ನಾನು ಮುಚ್ಚಳದ ವಾಲ್ವ್ ತೆರೆಯಲು ಮರೆತೆ. ಒಳಗಿನ ನೀರಿಗೆ ದಾರಿ ಇಲ್ಲದೆ ಅಂಚಿನ ಬಳಿ ಮಣ್ಣು ಸೀಳಿ ಹೊರಬಂತು. ಆ ಡಬ್ಬಿಯ ಮಣ್ಣು ಪೂರ್ತಿ ಹಾಳು. ಈಗ ನನ್ನ ವಿದ್ಯಾರ್ಥಿಗಳ ಪಟ್ಟಿಯಲ್ಲಿ ಮೊದಲ ಸಾಲೇ ವಾಲ್ವ್.

"ಅಲೆ ಬಡಿದೂ ಬಡಿದೂ ಮಣ್ಣು ಸೋಲೋದಿಲ್ವಾ?"

ಸೋಲುತ್ತದೆ, ಗಟ್ಟಿಯೂ ಆಗುತ್ತದೆ. ಯಾವುದು ಯಾವಾಗ ಎಂಬುದೇ ಇವತ್ತಿನ ಸಂಶೋಧನೆಯ ಜೀವಾಳ. ಬಿರುಗಾಳಿಯ ಹೊತ್ತಿನಲ್ಲಿ ಅಲೆ ಮೇಲೆ ಅಲೆ ಬಡಿದಾಗ ಮಣ್ಣಿನೊಳಗಿನ ನೀರಿಗೆ ಹೊರಹೋಗಲು ಬಿಡುವಿಲ್ಲ. ಅದರ ಒತ್ತಡ ಏರುತ್ತದೆ, ಕಾಳುಗಳ ಹಿಡಿತ ಸಡಿಲುತ್ತದೆ. ಬಿರುಗಾಳಿ ಅಡಗಿದ ಮೇಲೆ ನೀರು ನಿಧಾನಕ್ಕೆ ಹಿಂಡಿ ಹೋಗುತ್ತದೆ, ಮಣ್ಣು ಮೊದಲಿಗಿಂತ ಒತ್ತಾಗಿ ಕೂರುತ್ತದೆ. ಕುಂಬಾರರು ತುಳಿದಿಟ್ಟ ಮಣ್ಣು ಒಂದು ರಾತ್ರಿ ಬಿಟ್ಟರೆ ಬಿಗಿಯಾಗುವುದನ್ನು ನೋಡಿದ್ದೀರಿ. ಹಳೆಯ ವಿನ್ಯಾಸ ಸೋಲನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತಿತ್ತು. ಸೋಲು ಮತ್ತು ಚೇತರಿಕೆ ಎರಡನ್ನೂ ಆಯುಷ್ಯದುದ್ದಕ್ಕೂ ಲೆಕ್ಕ ಹಾಕಿದರೆ ಎಷ್ಟೋ ಕಡೆ ಚಿಕ್ಕ ಲಂಗರು ಸಾಕಾಗುತ್ತದೆ ಎಂಬುದು ನನ್ನ ನಂಬಿಕೆ.

ಮೊನೊಪೈಲಿಗೆ ಇನ್ನೊಂದು ಚಿಂತೆ, ವಾಲುವಿಕೆ. ಜೀವಮಾನಕ್ಕೆ ಸಾಮಾನ್ಯವಾಗಿ ಒಟ್ಟು ಅರ್ಧ ಡಿಗ್ರಿಯಷ್ಟೇ ಅವಕಾಶ. 100 ಮೀಟರ್ ಎತ್ತರದಲ್ಲಿ ಅದು 87 ಸೆಂಟಿಮೀಟರ್. ಕೋಟಿಗಟ್ಟಲೆ ಬಡಿತಗಳಲ್ಲಿ ಕೂದಲೆಳೆಯಷ್ಟು ಕೂದಲೆಳೆಯಷ್ಟು ಸೇರಿ ಅಲ್ಲಿಗೆ ಮುಟ್ಟಬಾರದು.

"ಮೊನೊಪೈಲಿಗೆ ಪಿ-ವೈ ಕರ್ವ್ ಸಾಕಲ್ವಾ ಮೇಡಂ? ಕೋಡಲ್ಲೇ ಇದೆಯಲ್ಲ."

ಪಿ-ವೈ ಕರ್ವ್ ಎಂದರೆ ಪೈಲ್ ಪಕ್ಕಕ್ಕೆ ಇಷ್ಟು ಸರಿದರೆ ಮಣ್ಣು ಇಷ್ಟು ಒತ್ತಿ ತಡೆಯುತ್ತದೆ ಎಂದು ಹೇಳುವ ಗೆರೆ. ವಿನ್ಯಾಸದ ಕೋಡಿನಲ್ಲಿರುವ ಮರಳಿನ ಕರ್ವ್ ಎಲ್ಲಿಂದ ಬಂತು ನೋಡಿ. ಟೆಕ್ಸಾಸಿನ ಮಸ್ಟ್ಯಾಂಗ್ ದ್ವೀಪದಲ್ಲಿ 0.61 ಮೀಟರ್ ಅಗಲದ ಪೈಲ್‌ಗಳ ಮೇಲೆ ಮಾಡಿದ ಪರೀಕ್ಷೆಗಳಿಂದ. ಅವು ಉದ್ದ ತೆಳ್ಳಗಿನ ಪೈಲ್‌ಗಳು, ಬಿದಿರಿನ ಹಾಗೆ ಬಾಗುತ್ತವೆ. ಮೊನೊಪೈಲಿನ ಆಳ ಅದರ ಅಗಲದ ಮೂರರಿಂದ ಆರು ಪಟ್ಟು ಮಾತ್ರ. ಅದು ಬಾಗುವುದಕ್ಕಿಂತ ಒರಳಿನೊಳಗಿನ ಒನಕೆಯ ಹಾಗೆ ಇಡಿಯಾಗಿ ತಿರುಗುತ್ತದೆ. ಆಗ ಪಕ್ಕದ ಒತ್ತಿನ ಜೊತೆಗೆ ಬದಿಯ ಉಜ್ಜಿನಿಂದ ಬರುವ ಮೊಮೆಂಟ್, ಬುಡದ ಶಿಯರ್, ಬುಡದ ಮೊಮೆಂಟ್ ಎಲ್ಲವೂ ಕೆಲಸ ಮಾಡುತ್ತವೆ. ಪಿಸಾ ಎಂಬ ಯೋಜನೆಯಲ್ಲಿ ಆಕ್ಸ್‌ಫರ್ಡ್, ಇಂಪೀರಿಯಲ್ ಮತ್ತು ಡಬ್ಲಿನ್‌ನವರು ಸೇರಿ ಇಂಗ್ಲೆಂಡಿನ ಕೌಡನ್‌ನ ಜೇಡಿಯಲ್ಲಿ, ಫ್ರಾನ್ಸಿನ ಡಂಕರ್ಕ್‌ನ ಮರಳಿನಲ್ಲಿ 2 ಮೀಟರ್ ಅಗಲದವರೆಗಿನ ಪೈಲ್ ಎಳೆದು ಈ ನಾಲ್ಕನ್ನೂ ಬೇರೆ ಬೇರೆಯಾಗಿ ಲೆಕ್ಕಕ್ಕೆ ತಂದರು. ಥೀಸಿಸ್‌ನಲ್ಲಿ ಹಳೆಯ ಕರ್ವನ್ನು ಹಾಗೇ ಎತ್ತಿ ಹಾಕಿದರೆ ನಾನು ಸಹಿ ಹಾಕುವುದಿಲ್ಲ.

"ಸರಪಳಿ ಲಂಗರಿನ ಎದುರಿಗೆ ಕಾಲುವೆ ತೋಡುತ್ತೆ ಅಂತ ಓದಿದೆ. ನಿಜಾನಾ?"

ನಿಜ. ಪಶ್ಚಿಮ ಆಫ್ರಿಕಾದ ಈಕ್ವಟೋರಿಯಲ್ ಗಿನಿ ಬಳಿ ಸೆರ್ಪೆಂಟಿನಾ ಎಂಬ ತೇಲು ತೈಲ ಹಡಗಿನ ಲಂಗರುಗಳನ್ನು ಪರಿಶೀಲಿಸಿದಾಗ ಸಕ್ಷನ್ ಲಂಗರುಗಳ ಎದುರಿನ ಮಣ್ಣು ಕಾಣೆಯಾಗಿ ಆಳವಾದ ಕಾಲುವೆಗಳಾಗಿದ್ದವು. ಹಡಗು ಅಲುಗಿದಾಗೆಲ್ಲ ಸರಪಳಿ ಮೇಲೆದ್ದು ಕೆಳಗೆ ಬಿದ್ದು ಮೆತ್ತನೆ ಮಣ್ಣನ್ನು ಕಲಕುತ್ತದೆ, ನೀರು ಆ ಕದಡನ್ನು ಒಯ್ಯುತ್ತದೆ. ಮೇಲೆ ಎತ್ತಿನ ಗೂಟದ ಲೆಕ್ಕದಲ್ಲಿ ಸರಪಳಿಯನ್ನು ಆಳದಲ್ಲಿ ಕಟ್ಟಬೇಕು ಎಂದೆನಲ್ಲ. ಆಳಕ್ಕೆ ಕಟ್ಟಿದಷ್ಟೂ ಸರಪಳಿ ಹೆಚ್ಚು ಮಣ್ಣನ್ನು ಸೀಳುತ್ತದೆ. ಎರಡರ ನಡುವೆ ಎಲ್ಲಿ ಕಟ್ಟಬೇಕು ಎಂಬುದು ಪಿಎಚ್‌.ಡಿಗೆ ಒಳ್ಳೆಯ ಪ್ರಶ್ನೆ.

"ಒಂದು ಫ್ಯಾನಿಗೆ ಮೂರು ಲಂಗರು ಅಂದ್ರೆ ಖರ್ಚು ಜಾಸ್ತಿ. ಅಕ್ಕಪಕ್ಕದವು ಹಂಚಿಕೊಳ್ಳಬಾರದಾ?"

ಹಂಚಿಕೊಂಡಿವೆ. ನಾರ್ವೆಯ ಹೈವಿಂಡ್ ಟಾಂಪೆನ್‌ನಲ್ಲಿ 11 ತೇಲು ಫ್ಯಾನುಗಳಿಗೆ 33ರ ಬದಲು 19 ಲಂಗರು. ಆದರೆ ಹಂಚಿಕೊಂಡ ಲಂಗರಿಗೆ ಎಳೆತ ಒಂದೇ ದಿಕ್ಕಿನಿಂದ ಬರುವುದಿಲ್ಲ, ಗಾಳಿ ತಿರುಗಿದಂತೆ ತಿರುಗುತ್ತದೆ. ಎಲ್ಲ ದಿಕ್ಕಿಗೂ ಜಗ್ಗಿಸಿಕೊಂಡ ಮಣ್ಣು ಹೇಗೆ ವರ್ತಿಸುತ್ತದೆ ಎಂಬುದನ್ನು ಸೆಂಟ್ರಿಫ್ಯೂಜ್‌ನಲ್ಲಿ ಪರೀಕ್ಷಿಸುವ ಕೆಲಸ ನಡೆದಿದೆ.

"ನಮ್ಮ ಕಾಲೇಜಲ್ಲಿ ಸೆಂಟ್ರಿಫ್ಯೂಜ್ ಇಲ್ಲ. ಫೈನಲ್ ಇಯರ್ ಪ್ರಾಜೆಕ್ಟಿಗೆ ಏನು ಮಾಡಬಹುದು?"

ನಾನು ಮೇಲೆ ಹೇಳಿದ ಸ್ಟೀಲ್ ಲೋಟ ಸಾಕು. ಎರೆಮಣ್ಣನ್ನು ಒಣಗಿಸಿ, ಪುಡಿಮಾಡಿ, ಜರಡಿ ಹಿಡಿದು, ದ್ರವಮಿತಿಗಿಂತ (ಮಣ್ಣು ದ್ರವದ ಹಾಗೆ ಹರಿಯತೊಡಗುವ ತೇವಾಂಶ) ಹೆಚ್ಚು ನೀರು ಹಾಕಿ ಎರಡು ದಿನ ನೆನೆಸಿ. ಗಾಳಿಗುಳ್ಳೆ ಉಳಿಯದಂತೆ ನಿಧಾನವಾಗಿ ಕಲಸಿ ಡ್ರಮ್ಮಿಗೆ ತುಂಬಿ, ಮೇಲೆ ತಟ್ಟೆ ಇಟ್ಟು ತೂಕ ಹೇರಿ ಹದಕ್ಕೆ ಬಿಡಿ. ಬಲವನ್ನು ಲ್ಯಾಬಿನ ವೇನ್‌ನಿಂದ, ಅಂದರೆ ಮಣ್ಣಿಗೆ ಚುಚ್ಚಿ ತಿರುಗಿಸುವ ರೆಕ್ಕೆಯ ಉಪಕರಣದಿಂದ, ಅಳೆಯಿರಿ. ಲೋಟ ಇಳಿಸಿ. ಮೊದಲ ಸಲ ನಳಿಕೆ ತೆರೆದಿಟ್ಟು ಸ್ಪ್ರಿಂಗ್ ತಕ್ಕಡಿಯಿಂದ ಎಳೆಯಿರಿ. ಎರಡನೆಯ ಸಲ ನಳಿಕೆ ಮುಚ್ಚಿ ಎಳೆಯಿರಿ. ಮೂರನೆಯ ಸಲ ನಳಿಕೆ ಮುಚ್ಚಿಯೇ, ಎರಡನೆಯ ಸಲದ ಬಲದ ಅರ್ಧದಷ್ಟು ತೂಕವನ್ನು ರಾಟೆಯ ಮೇಲೆ ನೇತುಬಿಟ್ಟು, ಡಯಲ್ ಗೇಜಿನಲ್ಲಿ ಗಂಟೆಗೊಮ್ಮೆ ಓದಿ ಬರೆದುಕೊಳ್ಳಿ. ರಾತ್ರಿಯೂ ಬರೆಯಬೇಕು, ಆದ್ದರಿಂದ ಮೂವರ ತಂಡ ಇದ್ದರೆ ಒಳ್ಳೆಯದು.

ಪ್ರತಿ ಸಲವೂ ಲೋಟ ಹೊರಬಂದ ಮೇಲೆ ಒಳಗೆ ನೋಡಿ ಫೋಟೊ ತೆಗೆಯಿರಿ. ನಳಿಕೆ ತೆರೆದಿದ್ದಾಗ ಲೋಟ ಬಹುತೇಕ ಖಾಲಿ ಬರುತ್ತದೆ, ಮಣ್ಣಿನಲ್ಲಿ ಉಂಗುರದ ಗುರುತು ಉಳಿಯುತ್ತದೆ. ಮುಚ್ಚಿದ್ದಾಗ ಮಣ್ಣಿನ ಗಟ್ಟಿ ಲೋಟದ ಆಕಾರದಲ್ಲೇ ಕಿತ್ತು ಬಂದಿರುತ್ತದೆ, ಅದರ ಬುಡ ಒಡೆದ ಬೆಲ್ಲದ ಅಚ್ಚಿನ ಹಾಗೆ ಒರಟಾಗಿರುತ್ತದೆ. ಆ ಬುಡದ ಚೂರನ್ನು ಒಗೆಯಬೇಡಿ, ತೂಕ ಮಾಡಿ ಓವನ್ನಿಗೆ ಹಾಕಿ. ಅದರ ತೇವಾಂಶ ನಿಮ್ಮ ರಿಪೋರ್ಟಿಗೆ ಬೇಕು.